ಹದ್ದಿಲ್ಲದ ಬಯಲಿನ ಓತಿಕ್ಯಾತ

ಮೇ ತಿಂಗಳು ಬಂತೆಂದರೆ ಪುಣೆಯಲ್ಲಿ ಕ್ಯಾಮೆರಾ ಹುಚ್ಚಿನವರಿಗೆಲ್ಲ ಸಾತಾರಾ ಕಡೆಯ ಚಾಳಕೇವಾಡಿಯದೇ ಗುಂಗು. ಠೋಸೆಘರ ಜಲಪಾತ ದಾಟಿ ಮೇಲೇರಿದರೆ ಸಿಗುವ ಕಲ್ಲುಬಯಲು ಅದು. ಮಳೆಗೆ ಮುಂಚೆ ಅಲ್ಲಿನ ಓತಿಕ್ಯಾತಗಳಿಗೆ ಜೋಡಿ ಹುಡುಕುವ ಹಂಗಾಮು. ನಾನೂ ಹಲವು ಬೇಸಿಗೆ ಹೋಗಿ ಬಿಸಿಲಲ್ಲಿ ಬೆಂದು ಬಂದವನೇ.

ಬಾಲ ಸೇರಿ ಗೇಣುದ್ದ, ಮಣ್ಣಿನ ಬಣ್ಣ. ಸುಮ್ಮನೆ ಕೂತರೆ ಕಾಲಬುಡದಲ್ಲಿದ್ದರೂ ಕಾಣದು. ಬಿಸಿಲೇರಿದಂತೆ ಗಂಡು ತುಸು ಎತ್ತರದ ಕಲ್ಲು ಹುಡುಕಿ ಹತ್ತುತ್ತದೆ. ಮುಂಗಾಲು ಊರಿ ಎದೆಯೆತ್ತಿದ್ದೇ ತಡ, ಗಂಟಲಡಿ ಮಡಚಿಕೊಂಡಿದ್ದ ಚೀಲ ಫಕ್ಕನೆ ಬಿಚ್ಚಿಕೊಳ್ಳುತ್ತದೆ: ಮಿರಿಮಿರಿ ನೀಲಿ, ಅದರ ಹಿಂದೆ ಕಪ್ಪು, ಕೊನೆಗೆ ಕೆಂಪೋ ಕಿತ್ತಳೆಯೋ ಎನ್ನುವಂಥ ಬಣ್ಣ. ಮರುಕ್ಷಣ ಮಡಚಿಕೊಂಡಿರುತ್ತದೆ. ಆಚೆ ಕಲ್ಲಿನವನು ಸುಮ್ಮನಿರುತ್ತಾನೆಯೇ, ಅವನೂ ಬಿಚ್ಚುತ್ತಾನೆ. ಕಂದು ಮೈಯ ಹೆಣ್ಣು ಹುಲ್ಲುಬುಡದಲ್ಲಿ ಹರಿದು ಹೋಗುತ್ತದೆ, ಇವರ ಕಡೆ ನೋಡಿತೋ ಇಲ್ಲವೋ ತಿಳಿಯದು. ಈ ಓತಿಗೆ 'ಸರಡಾ ಸುಪರ್ಬಾ' ಎಂದು ಹೆಸರಾದದ್ದು 2016ರಲ್ಲಷ್ಟೇ. ಹೆಸರಿಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತರೂ ಒಬ್ಬರು.

ಬಯಲಿನ ಒಂದು ಭಾಗದಲ್ಲಿ ಗಾಳಿಯಂತ್ರಗಳ ಸಾಲಿದೆ. ಫೋಟೋದವರಿಗೆ ಆ ಕಡೆಯೇ ಸಲೀಸು. ಓತಿಗಳು ಹೆಚ್ಚು, ಹತ್ತಿರ ಹೋದರೂ ಓಡುವುದಿಲ್ಲ. 'ಇಲ್ಲಿ ಚೆನ್ನಾಗಿಯೇ ಇವೆಯಲ್ಲ' ಎನ್ನುವುದು ನಮ್ಮೊಳಗಿನ ಮಾತಾಗಿತ್ತು. 2018ರಲ್ಲಿ ಅದೇ ಸಂಸ್ಥೆಯ ಮರಿಯಾ ಥಾಕರ್, ಅವರೊಂದಿಗೆ ಕೆಲಸ ಮಾಡಿದ ಅಮೋದ್ ಝಾಂಬ್ರೆ, ಹರ್ಷಲ್ ಭೋಸಲೆ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಆ ಬಯಲು ಬೇರೆಯೇ ಆಗಿ ಕಂಡಿತು. ಯಂತ್ರಗಳಿರುವಲ್ಲಿ ಹದ್ದು, ಗಿಡುಗಗಳ ಸಂಖ್ಯೆ ಉಳಿದೆಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಎರಗುವವರಿಲ್ಲದೆ ಓತಿಗಳು ಹೆಚ್ಚಿದವು, ಅಂಜಿಕೆ ಕಡಿಮೆಯಾಯಿತು. ಹೆಚ್ಚಿದ್ದಕ್ಕೆ ಅವುಗಳಲ್ಲೇ ಪೈಪೋಟಿಯೂ ಹೆಚ್ಚಿತು. ಗಂಡುಗಳ ಬಣ್ಣವೂ ಮಂಕು! ನಾವು ಕೊಂಡಾಡಿದ ಆ ಸಲೀಸಿಗೆ ಕಾರಣ ಇದು. ಗಾಳಿಯಂತ್ರವೇ ಬೇಡ ಎನ್ನುತ್ತಿಲ್ಲ, ಫ್ಯಾನಿನ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಎಲ್ಲಿ ನೆಡಬೇಕು ಎನ್ನುವಾಗ 'ಅಲ್ಲೇನಿದೆ, ಬರೀ ಕಲ್ಲು' ಎನ್ನುವ ಮಾತು ನಿಲ್ಲಬೇಕು, ಅಷ್ಟೆ.

ಈಗ ಬಯಲಿಗೆ ಹೋದರೆ ಮೊದಲು ಆಕಾಶ ನೋಡುತ್ತೇನೆ. ಕಾರನ್ನು ರಸ್ತೆ ಬಿಟ್ಟು ಇಳಿಸುವುದಿಲ್ಲ. ಹೆಣ್ಣು ಓತಿ ಮೊಟ್ಟೆಯಿಡುವುದು ಅಲ್ಲಿನ ಮಣ್ಣು ಕೆದರಿಯೇ. ಓತಿಯನ್ನು ಹಿಡಿದು 'ಒಳ್ಳೆಯ' ಕಲ್ಲಿನ ಮೇಲೆ ಕೂರಿಸುವವರ ಜೊತೆ ಹೋಗುವುದನ್ನೂ ಬಿಟ್ಟಿದ್ದೇನೆ. ಒಂದೇ ಕಡೆ ಬೋರಲು ಮಲಗಿ ಕಾದರೆ ಅದೇ ತನ್ನ ಕಲ್ಲಿಗೆ ಬರುತ್ತದೆ. ಮೊಣಕೈ ಚರ್ಮ ಸುಲಿಯುತ್ತದೆ, ಅದು ಬೇರೆ ಮಾತು.

'ಅಲ್ಲೇನಿದೆ' ಎನ್ನುವ ಆ ಮಾತು ಪುಣೆಯೊಳಗಿನ ಟೇಕಡಿಗಳನ್ನೂ, ಅಂದರೆ ಗುಡ್ಡಗಳನ್ನೂ, ಬಿಟ್ಟಿಲ್ಲ. ಸರ್ಕಾರದ ಬಂಜರು ಭೂಮಿಯ ಲೆಕ್ಕದಲ್ಲಿ ಕುರುಚಲು, ಹುಲ್ಲುಗಾವಲು ಎಲ್ಲವೂ ಸೇರಿಹೋಗುತ್ತವೆ. ಹಸಿರು ಮಾಡುವ ಉತ್ಸಾಹದಲ್ಲಿ ನಮ್ಮ ಗುಡ್ಡಗಳಿಗೆ ಗ್ಲಿರಿಸಿಡಿಯಾ, ಅಂದರೆ ಕನ್ನಡದಲ್ಲಿ ಗೊಬ್ಬರದ ಗಿಡ ಎನ್ನುವುದನ್ನು, ತಂದು ತುಂಬಿದರು. ಅದರ ದಟ್ಟ ನೆರಳಲ್ಲಿ ಬಿಸಿಲು ಬೇಡುವ ಜೀವಕ್ಕೆ ಜಾಗವೆಲ್ಲಿ?

ಜುಲೈನಲ್ಲಿ ನಮ್ಮ ಸೊಸೈಟಿಯವರು ವೃಕ್ಷಾರೋಪಣಕ್ಕೆ ಗುಡ್ಡಕ್ಕೆ ಹೊರಟಾಗ ನಾನು ಅಡ್ಡ ಮಾತಾಡಿದೆ. "ಕಾಕಾ, ಒಂದು ಓತಿಗೋಸ್ಕರ ಗಿಡ ನೆಡಬಾರದೇ?" ಎಂದಳು ಮೇಲಿನ ಮನೆಯ ಹುಡುಗಿ. ನೆಡೋಣ, ನಮ್ಮ ಗಲ್ಲಿಯಲ್ಲೇ ನೆರಳಿಲ್ಲವಲ್ಲ ಎಂದೆ. ಗಲ್ಲಿಯಲ್ಲಿ ನೆಟ್ಟರೆ ಪಾರ್ಕಿಂಗ್ ಹೋಗುತ್ತದೆಂದು ಸೆಕ್ರೆಟರಿ ತಕರಾರು ತೆಗೆದರು. ಮೂರು ಬೇವಿನ ಸಸಿಗಳಿಗೆ ಜಾಗ ಬಿಡಲು ಕೊನೆಗೂ ಒಪ್ಪಿದ್ದಾರೆ. ಮಿಕ್ಕವು ಎಲ್ಲಿಗೆ ಎನ್ನುವ ಜಗಳ ಇನ್ನೂ ಮುಗಿದಿಲ್ಲ.