ಘಟ್ಟ ಇಳಿಯುವ ಮುನ್ನ ಬ್ರೇಕ್ ಆಯಿಲ್ ನೋಡಿ



ಗೊಬ್ಬರ, ಔಷಧಿ, ಧಾರಣೆಗಳ ವಿಚಾರ ಈ ಪುಟಗಳಲ್ಲಿ ಆಗಾಗ ಬರುತ್ತಲೇ ಇದೆ. ಈ ಸಲ ನಮ್ಮ ಅಂಗಳದಲ್ಲಿ ನಿಲ್ಲುವ ಜೀಪು, ಕಾರುಗಳ ಬ್ರೇಕಿನ ಬಗ್ಗೆ ನಾಲ್ಕು ಮಾತು.

ಕೆಲವು ವರ್ಷಗಳ ಹಿಂದೆ ಅಡಿಕೆ ಮೂಟೆ ಹೇರಿಕೊಂಡು ಚಾರ್ಮಾಡಿ ಘಟ್ಟ ಇಳಿಯುತ್ತಿದ್ದೆ. ಜೊತೆಗೆ ಮಗನೂ ಇದ್ದ. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ಪೂರಾ ಕೆಳಗೆ ಹೋಯಿತು. ಗೇರ್ ಇಳಿಸಿ, ಕೈಬ್ರೇಕ್ ಎಳೆದು, ಗುಡ್ಡದ ಬದಿಯ ಮಣ್ಣಿಗೆ ಒರಸಿ ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ತಣಿದ ಮೇಲೆ ಬ್ರೇಕ್ ಮೊದಲಿನಂತೆಯೇ ಹಿಡಿಯಿತು. ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಆಯಿಲ್ ಬದಲಿಸಿ ಎಷ್ಟು ವರ್ಷ ಆಯ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಕಡಿಮೆಯಾದಾಗಲೆಲ್ಲ ಮೇಲಿನಿಂದ ತುಂಬಿಸಿದ್ದೆನೇ ಹೊರತು ಬದಲಿಸಿರಲಿಲ್ಲ. ಕಾಲೇಜಿನಲ್ಲಿ ಕುದಿಬಿಂದುವಿನ ಪಾಠ ಓದಿದವನಿಗೆ ಇದು ನಾಚಿಕೆಯ ಮಾತೇ ಸರಿ.

ಕಾರಣ ಸರಳ. ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪು ನೀರೊಡೆಯುವಂತೆ ಬ್ರೇಕ್ ಆಯಿಲ್ ಕೂಡ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯುವುದಿಲ್ಲ. ಸುಮಾರು ಶೇಕಡ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಘಟ್ಟದಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಚಕ್ರದ ಬಳಿಯ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವದಂತೆ ಆವಿ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸದು, ತಾನೇ ಕುಗ್ಗುತ್ತದೆ. ಆಗ ಪೆಡಲ್ ಕೆಳಗೆ ಹೋಗುತ್ತದೆ. ಸಮತಟ್ಟಿನಲ್ಲಿ ಓಡಿಸುವವರೆಗೆ ಈ ದೋಷ ಗೊತ್ತೇ ಆಗುವುದಿಲ್ಲ.

ವಾರಕ್ಕೊಮ್ಮೆ ಮನೆಯಲ್ಲೇ ನೋಡಬೇಕಾದ್ದು:

1. ಆಯಿಲ್ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಲೈನರ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು.
2. ಚಕ್ರಗಳ ಒಳಬದಿಯಲ್ಲಿ ಒದ್ದೆಯಿದೆಯೇ ನೋಡಿ.
3. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ಇಳಿಯುತ್ತಿದ್ದರೆ ಗಾಡಿ ರಸ್ತೆಗೆ ಹೋಗಕೂಡದು.

ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ಹಳೆಯ ಜೀಪುಗಳಲ್ಲಿ ಇದನ್ನು ಇಬ್ಬರು ಸೇರಿ ಅಂಗಳದಲ್ಲೇ ಮಾಡಬಹುದು. ಡಬ್ಬಿಯ ಮುಚ್ಚಳದ ಮೇಲೆ ಬರೆದ ನಂಬರಿನದೇ ಆಯಿಲ್, ಸೀಲು ಒಡೆಯದ್ದು, ತನ್ನಿ. ಎಂಜಿನ್ ಆಯಿಲನ್ನು ಅಪ್ಪಿತಪ್ಪಿಯೂ ಹಾಕಬೇಡಿ. ರಬ್ಬರ್ ಉಬ್ಬಿ ಬ್ರೇಕೇ ಕೆಡುತ್ತದೆ. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಎಂದೂ ಹೋಗಬೇಡಿ.

ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭ. ಕೆಲವು ಗಾಡಿಗಳಲ್ಲಿ ಕ್ರಮ ಬೇರೆ, ಕೈಪಿಡಿ ನೋಡಿಕೊಳ್ಳಿ. ಗಾಳಿ ತೆಗೆಯುವ ನಿಪ್ಪಲಿಗೆ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯಲ್ಲಿಡಿ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಮತ್ತೊಬ್ಬರು ನಿಪ್ಪಲ್ ಸಡಿಲಿಸಬೇಕು. ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಒಳಸೇರುತ್ತದೆ. ತಿಳಿಯಾದ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ ಹೀಗೇ ಮಾಡಿ. ನಡುವೆ ಮೇಲಿನ ಡಬ್ಬಿ ಬರಿದಾಗದಿರಲಿ. ಕೊನೆಗೆ ಪೆಡಲ್ ಗಟ್ಟಿಯಾಗಿರಬೇಕು. ಅಂಗಳದಲ್ಲೇ ನಿಧಾನವಾಗಿ ಓಡಿಸಿ ಪರೀಕ್ಷಿಸಿ. ಈ ಆಯಿಲ್ ಪೇಂಟನ್ನು ತಿನ್ನುತ್ತದೆ, ಕಣ್ಣಿಗೂ ಕೆಟ್ಟದ್ದು. ಬಿದ್ದಲ್ಲಿ ಕೂಡಲೇ ನೀರಿನಿಂದ ತೊಳೆಯಿರಿ. ಹಳೆಯದನ್ನು ಹಳ್ಳಕ್ಕೆ, ತೋಟಕ್ಕೆ ಚೆಲ್ಲದೆ ಗ್ಯಾರೇಜಿಗೆ ಒಪ್ಪಿಸಿ.

ಸೋರುವ ಸಿಲಿಂಡರ್, ಸವೆದ ಲೈನರ್, ಎ.ಬಿ.ಎಸ್. ಇರುವ ಹೊಸ ಗಾಡಿಗಳ ಬ್ರೇಕ್ ಕೆಲಸ, ಇವು ಮನೆಯ ಕೆಲಸವಲ್ಲ. ಹಣ ಉಳಿಸಲು ಹೋಗಿ ಪ್ರಾಣ ಒಡ್ಡುವುದು ಜಾಣತನವಲ್ಲ.

ಆಯಿಲ್ ಎಷ್ಟೇ ಹೊಸದಿರಲಿ, ಚಾರ್ಮಾಡಿಯಾಗಲಿ ಆಗುಂಬೆಯಾಗಲಿ ಇಳಿಯುವಾಗ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆಯುವಂತೆ ನೋಡಿಕೊಳ್ಳಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಬಿಡುವ ಅಭ್ಯಾಸವನ್ನು ಇಂದೇ ತೊರೆಯಿರಿ.

ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆಯಲು ನಾವು ಕಾಯುವುದಿಲ್ಲ. ಮಳೆಗೆ ಮೊದಲೇ ಹೊಡೆಯುತ್ತೇವೆ. ಬ್ರೇಕಿಗೂ ಅದೇ ನ್ಯಾಯ. ಬದಲಿಸಿದ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ. ನಿಮ್ಮ ಮೆಕ್ಯಾನಿಕ್ ಆ ಪ್ರಶ್ನೆ ಕೇಳಿದರೆ ನನ್ನಂತೆ ತಲೆ ತಗ್ಗಿಸಬೇಕಾಗದು.

— ಕಾರ್ಯದರ್ಶಿ