ವಾಕ್ಯ ಬದಲಿಸುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹತ್ತನೆಯ ತರಗತಿಯ ಮಕ್ಕಳೇ, ಇಂಗ್ಲಿಷಿನಲ್ಲಿ ನೇರ ಮಾತನ್ನು ಪರೋಕ್ಷಕ್ಕೆ, ಕರ್ತರಿಯನ್ನು ಕರ್ಮಣಿಗೆ ಬದಲಿಸಲು ಬರೀ ಸೂತ್ರ ಬಾಯಿಪಾಠ ಮಾಡಬೇಡಿ. ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಮೊದಲು ನೋಡಿ. ನಮ್ಮ ಕಡೆ ‘ನಾ ನಾಳಿಗಿ ಬರ್ತೀನಿ ಅಂದಾನ’ ಎನ್ನುತ್ತೇವೆ. ಆಡಿದವನ ‘ನಾ’, ‘ನಾಳಿಗಿ’ ಎರಡೂ ಹಾಗೇ ಉಳಿಯುತ್ತವೆ. ಅದೇ ಜಾಡಿನಲ್ಲಿ ‘ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೊ’ ಎಂದು ಬರೆದರೆ ಬರುವವರು ನೀವೇ ಆಗಿಬಿಡುತ್ತೀರಿ! ಅಲ್ಲಿ ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’, ‘ಟುಮಾರೊ’ ಹೋಗಿ ‘ದ ನೆಕ್ಸ್ಟ್ ಡೇ’ ಬರಬೇಕು. ಇಂಥ ತಪ್ಪು ದಡ್ಡತನವಲ್ಲ. ಎರಡು ಭಾಷೆಗಳ ನಡೆಯೇ ಬೇರೆ. ಹಾಗಾಗಿ ಯಾರು, ಯಾರಿಗೆ, ಯಾವಾಗ ಹೇಳಿದರು ಎಂದು ಕೇಳಿಕೊಂಡೇ ಪೆನ್ನು ಹಿಡಿಯಿರಿ.

‘ಒಂದೆರಡು ಅಂಕಕ್ಕೆ ಇಷ್ಟು ಒದ್ದಾಟ ಯಾಕೆ, ಇದರಿಂದ ಮಾತಾಡಲು ಬರುತ್ತದೆಯೇ’ ಎಂದು ಕೆಲವರು ಕೇಳುತ್ತಾರೆ. ಇದೊಂದರಿಂದಲೇ ಬರುವುದಿಲ್ಲ, ನಿಜ. ಮಾತಿಗೆ ಮಾತಾಡುವುದೇ ಬೇಕು. ಆದರೆ ಓದಿದ್ದು ತಿಳಿಯಲು ಇದು ನೆರವಾಗುತ್ತದೆ. ಕರ್ಮಣಿ ವಾಕ್ಯವನ್ನೇ (ಪ್ಯಾಸಿವ್ ವಾಯ್ಸ್) ನೋಡಿ: ಭೀಮಾ ನದಿ ಉಕ್ಕಿದಾಗ ಪತ್ರಿಕೆ ‘ದ ಬ್ರಿಡ್ಜ್ ವಾಸ್ ಕ್ಲೋಸ್ಡ್’ ಎಂದು ಬರೆಯುತ್ತದೆ. ಸೇತುವೆ ಮುಚ್ಚಿದ್ದು ಯಾರೆಂಬುದು ಓದುಗನಿಗೆ ಬೇಕಿಲ್ಲ, ಮುಚ್ಚಿದೆ ಎಂಬುದಷ್ಟೇ ಬೇಕು. ಅದಕ್ಕೇ ‘ಬೈ ದೆಮ್’ ಎಂಬ ಬಾಲ ಅಲ್ಲಿಲ್ಲ. ಕೆಲವು ಗೈಡುಗಳು ಮಾತ್ರ ಆ ಬಾಲವನ್ನು ಎಲ್ಲೆಡೆ ಅಂಟಿಸುತ್ತವೆ. ದಿನಕ್ಕೆ ಇಪ್ಪತ್ತು ವಾಕ್ಯ ಬೇಡ, ಮೂರು ಸಾಕು. ಬದಲಿಸಿದ ವಾಕ್ಯವನ್ನು ಮೂಲ ನೋಡದೆ ಮತ್ತೆ ಹಿಂದಕ್ಕೆ ತಿರುಗಿಸಿ. ಅರ್ಥ ಕೆಟ್ಟಿದ್ದರೆ ಮೊದಲು ಕಾಲ ನೋಡಿ, ಆಮೇಲೆ ಸರ್ವನಾಮ.