ಪ್ರಬಂಧದ ಪೂರ್ವಯೋಜನೆ: ಉದ್ದೇಶ, ಧ್ವನಿ, ಓದುಗ

‘ಗಡಿನಾಡಿನಲ್ಲಿ ಕನ್ನಡ’ ಎಂಬ ವಿಷಯವನ್ನು ಕೊಟ್ಟೊಡನೆ ಬಹುಪಾಲು ವಿದ್ಯಾರ್ಥಿಗಳು ಪೀಠಿಕೆ ಬರೆಯಲು ತೊಡಗುತ್ತಾರೆ. ತಿಳಿದ ಸಂಗತಿಗಳು ನೆನಪಾದ ಕ್ರಮದಲ್ಲಿಯೇ ಹಾಳೆಗಿಳಿಯುತ್ತವೆ. ಇಂಥ ಪ್ರಬಂಧ ಸೊರಗುವುದು ಮಾಹಿತಿಯ ಕೊರತೆಯಿಂದಲ್ಲ. ಏತಕ್ಕೆ, ಯಾರಿಗೆ, ಯಾವ ದನಿಯಲ್ಲಿ ಎಂಬ ಮೂರು ಪ್ರಶ್ನೆಗಳು ಇತ್ಯರ್ಥವಾಗುವ ಮೊದಲೇ ಬರವಣಿಗೆ ಆರಂಭವಾಗಿರುತ್ತದೆ.

ಸೊಲ್ಲಾಪುರ ಜಿಲ್ಲೆಯ ನಂದೇಶ್ವರದ ವಿದ್ಯಾರ್ಥಿಯೊಬ್ಬ ಇದೇ ವಿಷಯವನ್ನು ಆರಿಸಿಕೊಂಡನೆಂದು ಭಾವಿಸೋಣ. ಅವನ ಬಳಿ ಸಾಮಗ್ರಿಗೆ ಬರವಿಲ್ಲ. ಸೊನ್ನಲಿಗೆ ಎನಿಸಿದ್ದ ಸೊಲ್ಲಾಪುರ 12ನೆಯ ಶತಮಾನದ ವಚನಕಾರ ಸಿದ್ಧರಾಮನ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶ ಕರ್ನಾಟಕದ ಹೊರಗುಳಿಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ಸಲ್ಲಿಸಿದ ವರದಿಯಲ್ಲಿ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸುವಂತೆ ಶಿಫಾರಸು ಮಾಡಿತು. ಆ ವರದಿ ಜಾರಿಗೆ ಬರಲಿಲ್ಲ. ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಇಂದಿಗೂ ಇವೆ.

ಈ ಸಂಗತಿಗಳನ್ನು ಯಾವ ಓದುಗನ ಮುಂದಿಡಬೇಕು? ಓದುಗ ಮೈಸೂರಿನ ಸಹಪಾಠಿಯಾದರೆ, ಸೊಲ್ಲಾಪುರ ಕನ್ನಡದ ನೆಲವೆಂಬುದೇ ಅವನಿಗೆ ಹೊಸ ಸುದ್ದಿಯಾಗಬಹುದು. ಉದ್ದೇಶ ಪರಿಚಯ, ಸಿದ್ಧರಾಮನಿಂದ ಮೊದಲುಗೊಂಡು ಕಾಲಕ್ರಮದಲ್ಲಿ ಸಾಗುವುದು ಉಚಿತ, ಧ್ವನಿ ವಿವರಣಾತ್ಮಕ.

ಓದುಗರು ಮಗುವನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಬೇಕೆಂದು ತೊಳಲುತ್ತಿರುವ ಅಕ್ಕಲಕೋಟೆಯ ತಂದೆತಾಯಿಗಳಾದರೆ ಯೋಜನೆಯೇ ಬದಲಾಗಬೇಕು. ಆಯೋಗದ ವರದಿ ಅವರ ಪ್ರಶ್ನೆಗೆ ಉತ್ತರವಲ್ಲ. ಹತ್ತನೆಯ ತರಗತಿಯ ಬಳಿಕ ಮುಂದೇನು, ಮಗು ಮರಾಠಿಯಲ್ಲಿ ಹಿಂದುಳಿಯುವುದೇ, ಕೆಲಸ ಎಲ್ಲಿ ಸಿಕ್ಕೀತು ಎಂಬುವು ಅವರ ಚಿಂತೆಗಳು. ‘ತಾಯ್ನುಡಿಯನ್ನು ಮರೆತವರು’ ಎಂದು ಅವರನ್ನು ಹಳಿಯುವ ವಾಕ್ಯವೊಂದೇ ಸಾಕು, ಅವರು ಹಾಳೆಯನ್ನು ಕೆಳಗಿಡಲು. ಇಲ್ಲಿ ಉದ್ದೇಶ ಮನವರಿಕೆ; ಅವರ ಆತಂಕವೇ ಮೊದಲ ಪರಿಚ್ಛೇದವಾಗಬೇಕು; ಧ್ವನಿ ಮನೆಮಂದಿಯದಾಗಿರಬೇಕು. ಉತ್ತರ ತಿಳಿಯದಿದ್ದರೆ ಲೇಖಕ ಶಾಲೆಗೆ ಹೋಗಿ ವಿಚಾರಿಸಬೇಕು. ಆವೇಶ ಆ ಸ್ಥಾನವನ್ನು ತುಂಬಲಾರದು.

ಓದುಗನನ್ನು ಅರಿತು ಬರೆಯುವುದೆಂದರೆ ಓದುಗನಿಗೆ ಬೇಕಾದುದನ್ನೇ ಹೇಳುವುದಲ್ಲ. ಸೊಲ್ಲಾಪುರದಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರ ಶಿಕ್ಷಣ ಮರಾಠಿಯಲ್ಲಿ ನಡೆಯಿತು. ಅವರು ವಚನಗಳನ್ನು ಮರಾಠಿಗೆ ತಂದರು. ಸಿದ್ಧರಾಮನ ಚರಿತ್ರೆಯನ್ನು ಕನ್ನಡದಲ್ಲಿ ತ್ರಿಪದಿಗಳಲ್ಲಿ ಹೇಳಿದರು. ತ್ರಿಪದಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ ಮಟ್ಟು. ಪುಸ್ತಕ ಹಿಡಿಯದವರ ಕಿವಿಗೂ ಪರಿಚಿತ. ಶರಣರ ಬಗೆಗಿನ ನಿಷ್ಠೆ ಒಂದೇ; ಓದುಗ ಬದಲಾದಂತೆ ಭಾಷೆಯೂ ರೂಪವೂ ಬದಲಾದವು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಅವರು ಆ ಪೀಠವೇರಿದ ಮೊದಲ ಮಹಿಳೆ.

ಆದ್ದರಿಂದ ಪೀಠಿಕೆಗೆ ಮುನ್ನ ವಿದ್ಯಾರ್ಥಿಗಳು ನಾಲ್ಕು ಸಾಲುಗಳನ್ನು ಬರೆದುಕೊಳ್ಳುವುದು ಒಳಿತು.

1. ಇದನ್ನು ಓದಿದವರು ಏನನ್ನು ತಿಳಿಯಬೇಕು, ಅಥವಾ ಏನು ಮಾಡಬೇಕು?
2. ಅವರಿಗೆ ಈಗಾಗಲೇ ತಿಳಿದಿರುವುದೇನು, ಅವರ ಶಂಕೆಯೇನು?
3. ಅವರೆದುರು ಕುಳಿತು ಮಾತನಾಡಿದರೆ ದನಿ ಹೇಗಿದ್ದೀತು?
4. ಸಂಗ್ರಹಿಸಿದ ಸಂಗತಿಗಳಲ್ಲಿ ಯಾವುದನ್ನು ಬಿಡಬೇಕು?

ನಾಲ್ಕನೆಯದೇ ಕಠಿಣ. ಶ್ರಮಪಟ್ಟು ಕಲೆಹಾಕಿದ್ದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ. ಮೊದಲ ಸಾಲಿಗೆ ನೆರವಾಗದ ಸಂಗತಿ ಎಷ್ಟೇ ಸ್ವಾರಸ್ಯಕರವಾಗಿದ್ದರೂ ಅದು ಬೇರೊಂದು ಪ್ರಬಂಧಕ್ಕೆ ಸೇರಿದ್ದು. ಪರೀಕ್ಷೆಯಲ್ಲಿಯೂ ಈ ಸಿದ್ಧತೆಗೆ ಐದು ನಿಮಿಷ ಸಾಕು.

ಅಭ್ಯಾಸ: ‘ನಮ್ಮೂರಿನ ಶಾಲೆ’ ಎಂಬ ವಿಷಯಕ್ಕೆ ಎರಡು ಯೋಜನೆಗಳನ್ನು ಸಿದ್ಧಪಡಿಸಿರಿ: ಒಂದು ಊರಿನ ಹಿರಿಯರಿಗೆ, ಇನ್ನೊಂದು ಶಿಕ್ಷಣಾಧಿಕಾರಿಗೆ. ಎರಡರಲ್ಲಿಯೂ ಕೈಬಿಟ್ಟ ಸಂಗತಿಗಳನ್ನು ಪಟ್ಟಿ ಮಾಡಿ, ಕಾರಣವನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ.